ಬಾಚಿ, ಒಂದು

ಅಜ್ಜಿ ಹೇಳುತ್ತಿದ್ದಳು: ನಮ್ಮ ಮೂಲಪುರುಷ ಡಚ್ಚರ ಕಪ್ತಾನ,
ಮೂರು ಪಟದ ಹಡಗು, ಕೆಂಪು ಗಡ್ಡ, ಸೊಂಟಕ್ಕೆ ಕತ್ತಿ,
ಬಿಳಿ ಕುದುರೆಯ ಮೇಲೆ ಘಟ್ಟ ಹತ್ತಿ ಬಂದವನು.
ವಿರಾಜಪೇಟೆಯ ಈ ಎರಡಂಕಣದ ಮನೆಯಲ್ಲಿ
ಸಮುದ್ರ ಕಂಡವರು ಯಾರೂ ಇರಲಿಲ್ಲ. ನಂಬಿದೆವು.

ಈಗ ಅರವತ್ತೆರಡು ನನಗೆ. ಬಟ್ಟೆ ಹೊಲಿಯುವವಳು,
ಅಳತೆ ತಪ್ಪಿದರೆ ನಿದ್ದೆ ಬಾರದು.
ಟೇಪು ಕೊರಳಲ್ಲಿರುವಂತೆಯೇ ಹೊರಟೆ
ಸತ್ತವನ ಅಳತೆಗೆ.

ಮೊದಲು ಇಗರ್ಜಿಯ ಪುಸ್ತಕ. ಫಾದರ್ ಅಲೋಶಿಯಸ್
ಗೆದ್ದಲು ಕೊಡವಿ ತೆರೆದರು.
ಅಜ್ಜ: ಕೂಪರ್, ತೋಟದ ರೈಟರ್.
ಅವನಪ್ಪ: ಕೂಪರ್, ಬಂಡಿ ರಿಪೇರಿ.
ಇನ್ನೂ ಹಿಂದೆ ಸರಿದರೆ ಇಂಗ್ಲಿಷು ಸಿಪ್ಪೆಯಂತೆ ಕಳಚಿ
ಕುಯ್ಪರ್.
ಅದರಾಚೆ ಪುಟವಿಲ್ಲ,
ಇಲಿ ತಿಂದ ಒಂದು ಅರ್ಧಚಂದ್ರ.

ತಾಲ್ಲೂಕು ಕಚೇರಿಯ ಹಳೇ ಜಮಾಬಂದಿಯಲ್ಲಿ
ಶಾನುಭೋಗರ ಕಿವಿಗೆ ಬಿದ್ದದ್ದೇ ಬೇರೆ:
‘ಕೊಪ್ಪರಿಗೆ ದೊರೆ. ಗದ್ದೆ ಎರಡು ಭಟ್ಟಿ. ಕಂದಾಯ ಬಾಕಿ.’
ನಗು ತಡೆಯಲಾಗಲಿಲ್ಲ. ಗುಮಾಸ್ತೆ ತಲೆಯೆತ್ತಿ ನೋಡಿದ.
ಮೂರು ಭಾಷೆಯಲ್ಲಿ ಕುದಿದು ನನ್ನ ಹೆಸರು
ಕೊನೆಗೆ ಪಾತ್ರೆಯಾಗಿ ಕೂತಿತ್ತು.

ಮದರಾಸಿನ ದಫ್ತರಖಾನೆಯಿಂದ ಚಿತ್ರಗಳು ಬಂದದ್ದು
ಕಾಫಿ ಹೂ ಬಿಟ್ಟ ವಾರ.
ಅಕ್ಷರವೋ ಬಿದಿರ ಮೆಳೆ, ಎಲ್ಲಿ ಕೈಯಿಟ್ಟರೂ ಮುಳ್ಳು.
ಆ ಭಾಷೆ ಕಲಿತ ಕೊಚ್ಚಿಯ ಹುಡುಗಿಯೊಬ್ಬಳು
ಫೋನಿನಲ್ಲಿ ಓದಿದಳು, ನಿಧಾನ, ಗಾಯ ತೊಳೆಯುವವಳ ಹಾಗೆ:

ಹೆಂಡ್ರಿಕ್ ಕುಯ್ಪರ್. ಊರು ಹೋರ್ನ್.
ಕಪ್ತಾನ ಅಲ್ಲ ಆಂಟೀ, ಪೀಪಾಯಿ ಮಾಡುವವ.
ಕುಯ್ಪರ್ ಅಂದರೇ ಅದು.
ಕುಡಿದು ಎರಡು ಸಲ ದಂಡ.
ಸತ್ತದ್ದು ಕೊಚ್ಚಿಯಲ್ಲೇ, ಜ್ವರ.
ಹೆಂಡತಿ ಎಂಬ ಜಾಗ ಖಾಲಿ.

ಮೂರನೇ ದಿನ ಅವನ ಸಾಮಾನು ಹರಾಜು.
ಕರಿ ಕೋಟು, ತೋಳು ಹರಿದದ್ದು: ಒಬ್ಬ ಸಾರ್ಜೆಂಟ್ ಕೊಂಡ.
ಕಬ್ಬಿಣದ ಪಟ್ಟಿ, ಹದಿನಾಲ್ಕು.
ಅರ್ಧ ಮಾಡಿದ ಪೀಪಾಯಿ: ಯಾರೂ ಕೂಗಲಿಲ್ಲ.
ಬಾಚಿ, ಒಂದು: ಕೊಂಡವಳು ಮರಿಯ, ಈ ದೇಶದವಳು,
ಮೂರು ಫಣಂ, ನಗದು.

ಹುಡುಗಿ ಸುಮ್ಮನಾದಳು. ನಾನೂ.
ಮಿಷನ್ನಿನ ಸೂಜಿಯ ಕೆಳಗೆ ಯಾರದೋ ಮದುವೆಯ ರವಿಕೆ
ಅರ್ಧಕ್ಕೇ ನಿಂತಿತ್ತು.

ಹಾಗಾದರೆ ಅವನು ಘಟ್ಟ ಹತ್ತಲೇ ಇಲ್ಲ.
ಮಾಕುಟ್ಟದ ಕಾಡುದಾರಿಯಲ್ಲಿ ಬಂದವಳು ಅವಳು,
ಉಪ್ಪು ಹೊತ್ತ ಎತ್ತುಗಳ ಹಿಂದೆ,
ಜಿಗಣೆಗೆ ಸುಣ್ಣ ಸವರುತ್ತ,
ಕಂಕುಳಲ್ಲಿ ಮಗ, ಮಡಿಲಿಗೆ ಕಟ್ಟಿದ ಕಬ್ಬಿಣ.
ಇರಬೇಕು.
ಇದಕ್ಕೆ ಯಾವ ಪುಸ್ತಕದಲ್ಲೂ ಸಾಕ್ಷಿಯಿಲ್ಲ,
ನಾನೇ ತೇಪೆ ಹಾಕುತ್ತಿದ್ದೇನೆ. ಹೊಲಿಗೆ ಕಾಣಲಿ.

ನಮ್ಮ ಹಿತ್ತಲಿನಲ್ಲಿ ಒಂದು ಬಾಚಿಯಿದೆ.
ಮುತ್ತಜ್ಜ ಬಂಡಿಯ ನೊಗ ಕೆತ್ತಿದ್ದು ಅದರಲ್ಲೇ,
ಅಜ್ಜಿ ಹಂದಿಯ ಮೂಳೆ ಒಡೆದದ್ದೂ.
ಕಾವು ನನಗೆ ತಿಳಿದೇ ಮೂರು ಸಲ ಬದಲಾಗಿದೆ,
ಅಲಗು ಸವೆದು ಸವೆದು ವೀಳ್ಯದೆಲೆ.
ಅದೇ ಎಂದು ಆಣೆಯಿಡಲಾರೆ.
ಅಂದು ರಾತ್ರಿ ಮಾತ್ರ ಒಳಗೆ ತಂದು
ಎಣ್ಣೆ ಸವರಿದೆ.

ಪಕ್ಕದ ಮನೆಯ ಬೊಳ್ಳಮ್ಮನ ಒಕ್ಕದಲ್ಲಿ
ಹಿರಿಯರಿಗೆ ಕಾರಣ ಎನ್ನುತ್ತಾರೆ.
ವರ್ಷಕ್ಕೊಮ್ಮೆ ಎಲೆ ಹಾಸಿ ಮಾಂಸ, ಸಾರಾಯಿ ಇಡುತ್ತಾರೆ.
ಎಲೆಯಿಡಲು ಹೆಸರಿಲ್ಲದ ನಾನು
ಪ್ರತಿ ವರ್ಷ ಅವರ ಮನೆಯ ಊಟಕ್ಕೆ ಹೋದವಳು.

ಬೇಲಿಯಾಚೆಯಿಂದ ಕೇಳಿದಳು:
ಏನೇ ಕೂಪರಮ್ಮ, ನಿನ್ನ ಕಾರಣ ಸಿಕ್ಕಿದನಾ?
ಸಿಕ್ಕಿದಳು, ಎಂದೆ.

ಒಂದು ಗಳಿಗೆ ನನ್ನನ್ನೇ ನೋಡಿ,
ಕೈಯ ಮಣ್ಣು ಸೀರೆಗೆ ಒರೆಸಿಕೊಂಡು,
ಈ ಸಲ ಅವಳಿಗೂ ಒಂದೆಲೆ ಹಾಕುವ.
ಕುಡಿಯೋಕೆ ಏನಿಡೋದು, ಸಾರಾಯಿಯೋ, ಕಾಫಿಯೋ?

ಗೊತ್ತಿಲ್ಲ ಮಾರಾಯ್ತಿ,
ಎರಡೂ ಇಡು.